ನನ್ನನ್ನು ವಿದ್ಯಾರ್ಥಿಯಲ್ಲ ಎಂದ ಯಂತ್ರಕ್ಕೆ

ಗೆ,
ಲ್ಯಾಪ್‌ಟಾಪ್ ಕಂಪನಿಯ ಮಾನ್ಯ ವಿದ್ಯಾರ್ಥಿ ತಪಾಸಣಾ ಯಂತ್ರದವರ ಸನ್ನಿಧಾನಕ್ಕೆ.
ವಿಳಾಸ: ಮೋಡದಲ್ಲಿ ಎಲ್ಲೋ ಇದ್ದೀರಿ ಎಂದು ನನ್ನ ಸೊಸೆ ಹೇಳುತ್ತಾಳೆ.

ಇಂದ,
ಕರಿಬಸವಯ್ಯ, ಬಿ.ಎ. ಮೊದಲನೇ ವರ್ಷ, ಬಿಳಿಗೆರೆ, ತಿಪಟೂರು ತಾಲ್ಲೂಕು.

ವಿಷಯ: ಹೊಸ ಲ್ಯಾಪ್‌ಟಾಪಿನ ಮೇಲೆ ವಿದ್ಯಾರ್ಥಿಗಳಿಗೆ ಕೊಡುವ ರಿಯಾಯಿತಿಯನ್ನು ನನಗೆ ಕೊಡದೆ ಇದ್ದುದಕ್ಕಾಗಿ ತಮ್ಮನ್ನು ಅಭಿನಂದಿಸುವ ಬಗ್ಗೆ.

ಮಾನ್ಯರೇ,

ಮೊದಲಿಗೆ ಈ ವಿದ್ಯಾರ್ಥಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಬೀಳುವುದಕ್ಕೆ ಎದುರಿಗೆ ಪಾದವೊಂದು ಇರಬೇಕಾಗುತ್ತದೆ. ತಮಗೆ ಪಾದವಿದೆಯೋ ಇಲ್ಲವೋ ತಿಳಿಯದ ಕಾರಣ ಅಂದಾಜಿನ ಮೇಲೆ ಮೊಬೈಲ್ ಟವರಿನ ದಿಕ್ಕಿಗೆ ಕೈ ಮುಗಿದಿದ್ದೇನೆ, ದೊಡ್ಡ ಮನಸ್ಸು ಮಾಡಿ ಸ್ವೀಕರಿಸಬೇಕು. ತಾವೂ, ತಮ್ಮ ಸರ್ವರುಗಳೂ, ತಮ್ಮ ಸಮಸ್ತ ವೈರುಗಳೂ ಕ್ಷೇಮವೆಂದು ನಂಬುತ್ತೇನೆ. ಇಲ್ಲಿ ನಾನು, ನನ್ನ ಮಗ, ಸೊಸೆ, ಮೊಮ್ಮಗ ಮತ್ತು ಎರಡು ಹಸುಗಳು ಆರೋಗ್ಯದಿಂದ ಇದ್ದೇವೆ. ತೆಂಗಿನ ಮರಗಳಿಗೆ ಮಾತ್ರ ಕಪ್ಪುತಲೆ ಹುಳದ ಕಾಟ ಇದೆ, ಅದರ ಬಗ್ಗೆ ಬೇರೆಯವರಿಗೆ ಬರೆದಿದ್ದೇನೆ, ಅವರೂ ತಮ್ಮಷ್ಟೇ ಚುರುಕಾಗಿ ಉತ್ತರ ಕೊಡುತ್ತಿದ್ದಾರೆ.

‘ವಿತ್ ರೆಫರೆನ್ಸ್ ಟು ದಿ ಅಬೌವ್ ಸೈಟೆಡ್ ಸಬ್ಜೆಕ್ಟ್, ಐ ಬೆಗ್ ಟು ಸ್ಟೇಟ್ ದಟ್’ ಎಂದು ಈ ಪತ್ರವನ್ನು ಇಂಗ್ಲಿಷಿನಲ್ಲಿಯೇ ಶುರು ಮಾಡಿದ್ದೆ. ಆದರೆ ‘ದಟ್’ ಆದ ಮೇಲೆ ಏನು ಬರಬೇಕು ಎಂಬುದನ್ನು ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟ ದಿನ ನಾನು ಕಾಲೇಜಿನ ಹಿಂದೆ ಕಬ್ಬಿನ ಹಾಲು ಕುಡಿಯುತ್ತಾ ನಿಂತಿದ್ದೆನೆಂದು ತೋರುತ್ತದೆ. ಎಷ್ಟು ನೆನೆಸಿಕೊಂಡರೂ ‘ಯುವರ್ಸ್ ಒಬಿಡಿಯೆಂಟ್ಲಿ’ ಒಂದೇ ನಾಲಿಗೆಗೆ ಬರುತ್ತದೆ. ತಲೆ ಮತ್ತು ಬಾಲ ಎರಡೇ ಇದ್ದು ನಡುವೆ ಹೊಟ್ಟೆ ಇಲ್ಲದ ಪತ್ರದಲ್ಲಿ ಇಷ್ಟು ದೊಡ್ಡ ಅಭಿನಂದನೆ ಹಿಡಿಸಲಾರದು ಎಂದು ಕನ್ನಡಕ್ಕೆ ಇಳಿದಿದ್ದೇನೆ. ತಾವು ಸಕಲ ಭಾಷೆಗಳನ್ನೂ ಬಲ್ಲವರೆಂದು ತಮ್ಮ ಜಾಹೀರಾತಿನಲ್ಲಿಯೇ ಇದೆ.

ನನ್ನ ವಿಚಾರವನ್ನು ಸ್ವಲ್ಪ ಅರಿಕೆ ಮಾಡಿಕೊಳ್ಳಬೇಕು, ಏಕೆಂದರೆ ತಾವು ಕೇಳಿದ್ದು ನನ್ನ ಹುಟ್ಟಿದ ದಿನಾಂಕ ಮತ್ತು ಮುಖ ಎರಡನ್ನೇ. ಯೌವನದಲ್ಲಿ ತಿಪಟೂರಿನಲ್ಲಿ ಬಿ.ಎ. ಓದಲು ಸೇರಿದವನು ಎರಡನೇ ವರ್ಷಕ್ಕೆ ಬಿಟ್ಟೆ. ಆ ವರ್ಷ ಕೊಬ್ಬರಿಗೆ ಬೆಲೆ ಬಂದಿತ್ತು. ನಮ್ಮ ಕಡೆ ಓದು ಬಿಡುವುದಕ್ಕೆ ಇರುವುದು ಎರಡೇ ಕಾರಣ, ಕೊಬ್ಬರಿಗೆ ಬೆಲೆ ಬರುವುದು ಮತ್ತು ಕೊಬ್ಬರಿಗೆ ಬೆಲೆ ಬೀಳುವುದು. ಎರಡರಲ್ಲಿ ಒಂದೂ ಆಗದ ವರ್ಷ ಇನ್ನೂ ಬಂದಿಲ್ಲವಾದ್ದರಿಂದ ನನ್ನ ಓದು ನಿಂತಲ್ಲಿಯೇ ನಿಂತಿತು. ಮದುವೆಯಾಯಿತು, ಮಗ ಹುಟ್ಟಿದ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟೆವು. ಈಗ ಮಗ ಶಿವಮೂರ್ತಿಯೇ ಎಲ್ಲ ನೋಡಿಕೊಳ್ಳುತ್ತಾನೆ, ನಾನು ಗಲ್ಲದ ಮೇಲೆ ಕೈ ಇಟ್ಟುಕೊಂಡು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂರಬೇಕು, ಅಷ್ಟೇ. ನನ್ನಾಕೆ ಮೀನಾಕ್ಷಮ್ಮ ತೀರಿಕೊಂಡ ಮೇಲೆ ಸಂಜೆಯ ಹೊತ್ತು ಜಗಳ ಆಡುವುದಕ್ಕೆ ಮನೆಯಲ್ಲಿ ಯಾರೂ ಇಲ್ಲದಂತಾಗಿ, ಬೇಜಾರಿಗೆ ಒಂದು ಚರಿತ್ರೆಯ ಪುಸ್ತಕ ಹಿಡಿದೆ. ಚರಿತ್ರೆಯಲ್ಲಿ ಜಗಳಕ್ಕೆ ಬರವಿಲ್ಲ. ಓದುತ್ತಾ ಓದುತ್ತಾ, ಇದನ್ನೇ ಪರೀಕ್ಷೆಗೆ ಕಟ್ಟಿದರೆ ಹೇಗೆ ಅನಿಸಿತು. ದೂರ ಶಿಕ್ಷಣದಲ್ಲಿ ಹೊಸದಾಗಿ ಮೊದಲನೇ ವರ್ಷದ ಬಿ.ಎ.ಗೆ ಸೇರಿದೆ. ಪ್ರತಿ ಭಾನುವಾರ ತುಮಕೂರಿನಲ್ಲಿ ತರಗತಿ. ಅಲ್ಲಿ ನಮಗೆ ಚರಿತ್ರೆ ಹೇಳುವ ಲಿಖಿತಾ ಮೇಡಂ ಅವರು ನನ್ನ ಮಗನಿಗಿಂತ ಚಿಕ್ಕವರು, ನನ್ನ ಅಪ್ಪನಿಗಿಂತ ಸಿಡುಕು. ಮನೆಯಲ್ಲಿ ಬರೆದು ತರುವ ಪಾಠಗಳನ್ನು ಕೈಯಲ್ಲಿ ಬರೆಯುವ ಹಾಗಿಲ್ಲ, ಎಲ್ಲರೂ ಟೈಪ್ ಮಾಡಿಯೇ ತರತಕ್ಕದ್ದು ಎಂದು ಅವರು ಮೊದಲನೆಯ ದಿನವೇ ಅಪ್ಪಣೆ ಕೊಡಿಸಿದರು. ಲ್ಯಾಪ್‌ಟಾಪಿನ ಯೋಚನೆ ಬಂದದ್ದು ಹೀಗೆ. ಇಲ್ಲದಿದ್ದರೆ ತಮ್ಮಂಥ ದೊಡ್ಡವರ ಸಹವಾಸ ನನಗೆ ಎಲ್ಲಿಂದ ಬರಬೇಕು.

ಆಗ ನನ್ನ ಸೊಸೆ ಜೀವಿತಾ ಮೊಬೈಲಿನಲ್ಲಿ ತಮ್ಮ ಜಾಹೀರಾತು ತೋರಿಸಿ, ‘ಮಾವ, ಸ್ಟೂಡೆಂಟ್ಸಿಗೆ ಡಿಸ್ಕೌಂಟ್ ಐತಂತೆ, ಬೆನ್ನಿಗಾಕಳೋ ಬ್ಯಾಗೂ ಕೊಡ್ತಾರಂತೆ, ನೀವೂ ಸ್ಟೂಡೆಂಟೇ ಅಲ್ವಾ’ ಎಂದಳು. ರಿಯಾಯಿತಿ ಎನ್ನುವುದು ನಮಗೆ ಹೊಸದಲ್ಲ. ನಮ್ಮ ಕಡೆ ಕಾಯಿ ಕೊಂಡರೂ ಸೊಪ್ಪು ಕೊಂಡರೂ ಮೇಲೊಂದಿಷ್ಟು ಕೊಸರು ಹಾಕುವುದು ಪದ್ಧತಿ. ಹಾಕುವವರು ಒಂದು ಹಿಡಿ ಮೆಂತ್ಯದ ಸೊಪ್ಪು ಚೀಲಕ್ಕೆ ತುರುಕುವಾಗ ಮುಖವನ್ನು ಎಡಕ್ಕೆ ತಿರುಗಿಸಿ ಬಲಕ್ಕೆ ತಿರುಗಿಸಿ ಎನ್ನುವುದಿಲ್ಲ ಎಂಬುದೊಂದೇ ವ್ಯತ್ಯಾಸ. ನಾನು ಹೂಂ ಎಂದೆ.

ಊಟಕ್ಕೆ ಕೂತಿದ್ದ ಶಿವಮೂರ್ತಿ ಇದನ್ನು ಕೇಳಿಸಿಕೊಂಡು ನಕ್ಕ. ನಾನು ಭಾನುವಾರ ಮಂಡಿ ಬಿಟ್ಟು ಬಸ್ಸು ಹತ್ತುವುದು ಅವನಿಗೆ ಮೊದಲಿನಿಂದಲೂ ಸೇರದು. ಊರೂರಿಂದ ಬರುವ ರೈತರು ‘ಯಜಮಾನ್ರು ಎಲ್ಲಿ’ ಎಂದು ಕೇಳಿದಾಗ ‘ಕಾಲೇಜಿಗೆ ಹೋಗವ್ರೆ’ ಎಂದು ಹೇಳುವುದಕ್ಕೆ ಅವನಿಗೆ ನಾಚಿಕೆಯಾಗುತ್ತದಂತೆ. ನಾನು ಗುರುತಿನ ಚೀಟಿ ತೆಗೆದು ತೋರಿಸಿದೆ. ‘ದುಡ್ ಕಟ್ಟಿದ್ರೆ ಎಂಥೋರ್ಗೂ ಕಾರ್ಡ್ ಕೊಡ್ತಾರೆ ಬುಡಿ ಅಪ್ಪಾಜಿ’ ಎಂದ. ಆಮೇಲೆ ತುತ್ತು ನುಂಗಿ, ‘ಹೊರಗಿನೋರು ಯಾರಾದ್ರೂ ಒಬ್ರು ನಿಮ್ಮನ್ನ ಸ್ಟೂಡೆಂಟು ಅಂತ ಒಪ್ಕಳ್ಲಿ ನೋಡನ. ಆ ಕಂಪ್ನಿಯೋರೇ ಡಿಸ್ಕೌಂಟ್ ಕೊಡ್ಲಿ. ಕೊಟ್ರೆ ಪ್ರತಿ ಭಾನ್ವಾರ ನಾನೇ ಕಾರಲ್ಲಿ ತುಮ್ಕೂರಿಗೆ ಬಿಟ್ ಬತ್ತೀನಿ. ಕೊಡ್ಲಿಲ್ವಾ, ಪುಸ್ತಕ ಕಟ್ಟಿಟ್ಟು ಅಂಗ್ಡೀಗೆ ಬಂದ್ ಕೂತ್ಕಳಿ. ಏನಂತೀರ?’ ಎಂದ. ನಾನು ಒಪ್ಪಿದೆ. ಮಂಡಿಯವರ ಮನೆಯಲ್ಲಿ ಬಾಯಿಂದ ಬಿದ್ದ ಮಾತೇ ರುಜು. ಅಪ್ಪನಾದರೇನು ಮಗನಾದರೇನು, ಆಡಿದ ಮೇಲೆ ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಹೀಗೆ ಮಾನ್ಯರೇ, ನನ್ನ ಬಿ.ಎ. ಪದವಿಯ ಅಳಿವು ಉಳಿವು ತಮಗೇ ಗೊತ್ತಿಲ್ಲದ ಹಾಗೆ ತಮ್ಮ ಕೈಗೆ ಬಂತು. ತಮಗೆ ಕೈಯಿದೆಯೋ ಇಲ್ಲವೋ ಅದೂ ನನಗೆ ತಿಳಿಯದು.

ಇನ್ನು ತಮ್ಮ ಆತಿಥ್ಯದ ವಿಚಾರ. ಮೊದಲು ಹುಟ್ಟಿದ ವರ್ಷ ಕೇಳಿದಿರಿ. ತಮ್ಮ ವರ್ಷಗಳ ಚಕ್ರ ಶುರುವಾಗುವುದೇ ಮೊನ್ನೆ ಮೊನ್ನೆ ಹುಟ್ಟಿದವರಿಂದ; ಅದನ್ನು ಬೆರಳಿನಲ್ಲಿ ತಳ್ಳುತ್ತಾ ತಳ್ಳುತ್ತಾ ನನ್ನ ವರ್ಷಕ್ಕೆ ಬರುವ ಹೊತ್ತಿಗೆ ಆಳದ ಬಾವಿಯಿಂದ ನೀರು ಸೇದಿದಷ್ಟು ಸುಸ್ತಾಯಿತು. ‘ಇನ್ನೂ ಕೆಳೀಕೆ ಇದೀರಾ ಮಾವ?’ ಎಂದು ಜೀವಿತಾ ಪಾಪ ಗಾಬರಿಯಿಂದಲೇ ಕೇಳಿದಳು. ಅಷ್ಟು ಕೆಳಗಿನ ವರ್ಷಗಳನ್ನೂ ತಾವು ಇಟ್ಟುಕೊಂಡಿದ್ದೀರಲ್ಲ, ಅದೇ ತಮ್ಮ ಔದಾರ್ಯ.

ಆಮೇಲೆ ಮುಖ ತೋರಿಸಿ ಎಂದಿರಿ. ಸ್ನಾನ ಮಾಡಿ, ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಮ್ಮ ಮುಂದೆ ಕೂತೆ. ‘ಮುಖದ ಮೇಲಿನ ಅಡ್ಡಿಯನ್ನು ತೆಗೆಯಿರಿ’ ಎಂದಿರಿ. ಕನ್ನಡಕ ತೆಗೆದೆ. ಅಡ್ಡಿ ಹೋಗಲಿಲ್ಲ ಎಂದಿರಿ. ಮೀಸೆಯ ಮೇಲೆ ಅನುಮಾನ ಬಂದು ಕೈಯಲ್ಲಿ ಮುಚ್ಚಿಕೊಂಡೆ, ಆಗಂತೂ ತಾವು ಮುಖವೇ ಇಲ್ಲ ಎಂದುಬಿಟ್ಟಿರಿ. ಕೊನೆಗೆ ಜೀವಿತಾ ಕಂಡುಹಿಡಿದಳು, ‘ಅಯ್ಯೋ ಮಾವ, ಅದು ವಿಭೂತಿ ಮೇಲೆ ಹೇಳ್ತಾ ಐತೆ’ ಎಂದು. ಅಂಗಡಿಯ ಸಾಮಾನಿನ ಮೇಲೆ ಕಪ್ಪು ಗೆರೆಗಳಿರುತ್ತವಲ್ಲ, ನನ್ನ ಹಣೆಯ ಮೂರು ಬಿಳಿ ಗೆರೆಗಳನ್ನೂ ಅದೇ ಎಂದುಕೊಂಡು ಬೆಲೆ ಹುಡುಕಿದಿರೋ ಏನೋ, ಸಿಕ್ಕಿದ್ದರೆ ದಯವಿಟ್ಟು ತಿಳಿಸಿ, ನನಗೂ ಬಹಳ ದಿನದಿಂದ ಕುತೂಹಲವಿದೆ. ಒಮ್ಮೆ ಧರಿಸಿದ್ದನ್ನು ಮಾರನೆಯ ಸ್ನಾನದವರೆಗೆ ಅಳಿಸುವ ರೂಢಿ ನಮ್ಮಲ್ಲಿಲ್ಲ. ಆದ್ದರಿಂದ ಬೆಳಿಗ್ಗೆ ಎದ್ದವನೇ, ಸ್ನಾನಕ್ಕೆ ಮುಂಚೆ, ತಲೆ ಕೆದರಿಕೊಂಡು, ಹಲ್ಲೂ ಉಜ್ಜದೆ ಬಂದು ಕೂತೆ. ‘ಗ್ರೇಟ್! ಈಗ ಮುಖ ಚೆನ್ನಾಗಿ ಕಾಣುತ್ತಿದೆ’ ಎಂದು ಹೊಗಳಿದಿರಿ. ನನ್ನ ಮುಖವನ್ನು ಆ ಸ್ಥಿತಿಯಲ್ಲಿ ಚೆನ್ನಾಗಿದೆ ಎಂದವರು ಇದುವರೆಗೆ ಯಾರೂ ಇರಲಿಲ್ಲ. ಹೇಳಬೇಕಾಗಿದ್ದವಳು ಬದುಕಿದ್ದಷ್ಟು ದಿನವೂ ಬಚ್ಚಲು ತೋರಿಸುತ್ತಿದ್ದಳು.

ಅವಳ ಮಾತು ಬಂದೇ ಬಂತು. ನಾನು ಕೂತದ್ದು ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಮನೆಯೊಳಗೆ ಸಿಗ್ನಲ್ ಹಿಡಿಯುವುದು ಅಲ್ಲೊಂದೇ ಕಡೆ. ಆ ಗೋಡೆಯ ಮೇಲೆ ಮೀನಾಕ್ಷಮ್ಮನ ಫೋಟೋ ಇದೆ, ಮೇಲೊಂದು ಗಂಧದ ಹಾರ. ಮುಖ ಚೆನ್ನಾಗಿದೆ ಎಂದು ಹೊಗಳಿದ ತಾವು ಮರುಕ್ಷಣವೇ ಗುಂಡಗೆ ಸುತ್ತಿದಿರಿ, ಯೋಚಿಸಿದಿರಿ, ಆಮೇಲೆ ‘ಚೌಕಟ್ಟಿನಲ್ಲಿ ಇಬ್ಬರಿದ್ದಾರೆ, ದಯವಿಟ್ಟು ಒಬ್ಬರೇ ಕುಳಿತುಕೊಳ್ಳಿ’ ಎಂದಿರಿ.

ಮಾನ್ಯರೇ, ಇಲ್ಲಿ ನನಗೆ ತಮ್ಮ ಮೇಲೆ ಕೋಪ ಬರಬೇಕಾಗಿತ್ತು, ಬರಲಿಲ್ಲ. ಅವಳು ಹೋದಂದಿನಿಂದ ಕಂಡವರೆಲ್ಲ ‘ಒಬ್ರೇ ಆಗ್ಬುಟ್ರಲ್ಲ ಕರಿಬಸಣ್ಣ’ ಎನ್ನುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ‘ಒಬ್ರೇನಾ?’ ಎಂದು ಕೇಳಿ ಎಲೆ ಹಾಕುತ್ತಾರೆ. ಬಸ್ಸಿನ ಕಂಡಕ್ಟರೂ ‘ಒಂದಾ?’ ಎನ್ನುತ್ತಾನೆ. ಇಬ್ಬರಿದ್ದಾರೆ ಎಂದವರು ಈ ಲೋಕದಲ್ಲಿ ತಾವೊಬ್ಬರೇ. ಜೀವಿತಾ ಸ್ಟೂಲು ತಂದಿಟ್ಟು, ‘ಅತ್ತೆ ಫೋಟೋನ ಒಂದ್ ನಿಮಿಷ ಇಳಿಸ್ಲಾ ಮಾವ? ಆಮೇಲೆ ಹಂಗೇ ಹಾಕ್ಬುಡನ’ ಎಂದಳು. ಬೇಡ ಕಣವ್ವ ಎಂದೆ. ರೇಷನ್ ಕಾರ್ಡಿನಿಂದ, ಬ್ಯಾಂಕಿನಿಂದ, ಓಟರ್ ಲಿಸ್ಟಿನಿಂದ, ಎಲ್ಲ ಕಡೆಯಿಂದಲೂ ಅವಳ ಹೆಸರನ್ನು ನಾನೇ ಹೋಗಿ ಸರತಿ ನಿಂತು ತೆಗೆಸಿ ಬಂದಿದ್ದೇನೆ. ಒಂದು ಲ್ಯಾಪ್‌ಟಾಪಿಗೋಸ್ಕರ ಗೋಡೆಯಿಂದಲೂ ತೆಗೆಸುವುದು ನನ್ನಿಂದಾಗಲಿಲ್ಲ. ಇಬ್ಬರೆಂದು ತಾವೇ ಎಣಿಸಿದ ಮೇಲೆ ನ್ಯಾಯವಾಗಿ ಎರಡು ರಿಯಾಯಿತಿ ಕೊಡಬೇಕಾಗಿತ್ತು ಎಂಬುದನ್ನು ಮಾತ್ರ ಇಲ್ಲಿ ವಿನಯಪೂರ್ವಕವಾಗಿ ದಾಖಲಿಸುತ್ತೇನೆ. ಅವಳು ಓದಿದ್ದು ಏಳನೇ ಕ್ಲಾಸಾದರೂ ಪ್ರಶ್ನೆ ಕೇಳುವುದರಲ್ಲಿ ಎಂ.ಎ. ಆಗಿತ್ತು.

ಫೋಟೋ ಅಲ್ಲೇ ಇರಲಿ, ನಾನೇ ಏಳುತ್ತೇನೆ ಎಂದು ಎದ್ದು ಹಿತ್ತಲಿನ ಕೊಬ್ಬರಿ ಷೆಡ್ಡಿಗೆ ಹೋದೆ, ಅಲ್ಲಿಯೂ ಒಂದು ಗೆರೆ ಸಿಗ್ನಲ್ ಬರುತ್ತದೆ. ಅದು ಕೊಬ್ಬರಿ ಬಿಡಿಸುವ ವಾರ. ಅಟ್ಟದಿಂದ ಇಳಿಸಿ ಮಟ್ಟೆ ಸುಲಿದ ಕಾಯಿಗಳ ರಾಶಿ ಒಂದು ಮೂಲೆಯಿಂದ ಸೂರಿನವರೆಗೆ ಬಿದ್ದಿತ್ತು, ಕೂಲಿಗೆ ಬಂದಿದ್ದ ಕೆಂಚಯ್ಯ ಮತ್ತು ಅವನ ಕಡೆಯ ಹೆಂಗಸರು ಕೂತು ಕರಟ ಒಡೆಯುತ್ತಿದ್ದರು. ಅವರನ್ನೆಲ್ಲ ಆ ಕಡೆ ಸರಿಸಿ, ರಾಶಿಯ ಮುಂದೆ ಒಬ್ಬನೇ ನಿಂತು, ಜೀವಿತಾಳ ಕೈಗೆ ಮೊಬೈಲ್ ಕೊಟ್ಟೆ. ಸುಲಿದ ಕಾಯಿಗೆ ಮೂರು ಕಣ್ಣಿರುತ್ತದೆ ಎಂಬುದು ಹುಟ್ಟಿದ ಮಗುವಿಗೂ ಗೊತ್ತಿರುವ ನಮ್ಮ ಸೀಮೆಯಲ್ಲಿ ಅದು ನನಗೆ ಆಗ ಹೊಳೆಯಲಿಲ್ಲ. ತಾವು ಒಂದೊಂದು ಕಾಯಿಗೂ ಒಂದೊಂದು ಹಳದಿ ಚೌಕ ಹಾಕಿ ಹಾಕಿ ದಣಿದು, ‘ತುಂಬಾ ಜನರಿದ್ದಾರೆ, ದಯವಿಟ್ಟು ಜನಸಂದಣಿ ಇಲ್ಲದ ಸ್ಥಳಕ್ಕೆ ಹೋಗಿ’ ಎಂದಿರಿ.

ಷೆಡ್ಡಿನಲ್ಲಿ ಆಮೇಲೆ ಆದ ನಗೆಯನ್ನು ತಾವು ಕೇಳಿಸಿಕೊಂಡಿರಬೇಕು, ಮೈಕು ಹಾಕಿಯೇ ಇತ್ತು. ‘ಯಜಮಾನ್ರೇ, ಅದು ಹೇಳೋದೂ ನ್ಯಾಯಾನೇ ಅಲ್ವಾ? ಕಾಯ್ಗೆ ಮೂರ್ ಕಣ್ ಐತೆ, ನಿಮ್ಗಿಂತ ಒಂದು ಜಾಸ್ತಿನೇಯ. ಅವನ್ನೂ ಕಾಲೇಜಿಗೆ ಸೇರ್ಸ್‌ಬುಡಿ, ಬಸ್ಸಲ್ಲಿ ನಿಮ್ಗೆ ಜತೆಗಾಯ್ತವೆ’ ಎಂದು ಕೆಂಚಯ್ಯ ಹೇಳಿದರೆ, ಪಕ್ಕದಲ್ಲಿದ್ದ ಅವನ ಹೆಂಡತಿ ‘ಇವು ಪಾಸಾಗ್ಬುಡ್ತವೆ ಕಣ, ಒಡುದ್ರೆ ಒಳ್ಗೆ ಏನಾರ ಇರ್ತದೆ’ ಎಂದು ಯಾರ ಮುಖವನ್ನೂ ನೋಡದೆ ಹೇಳಿ ಕರಟ ಒಡೆದಳು. ಅಂದಿನಿಂದ ಆ ಷೆಡ್ಡಿಗೆ ನಮ್ಮ ಮನೆಯಲ್ಲಿ ಕಾಲೇಜು ಎಂದೇ ಹೆಸರು. ‘ಕಾಲೇಜಿನಲ್ಲಿ ಬೆಕ್ಕು ಮರಿ ಹಾಕೈತೆ’ ಎಂದು ನನ್ನ ಮೊಮ್ಮಗ ಮೊನ್ನೆ ನೆಂಟರ ಮುಂದೆ ಹೇಳಿದ.

ತಮಗೆ ನಿಜವಾಗಿ ಅನುಮಾನ ಇದ್ದದ್ದು ನನ್ನ ವಯಸ್ಸಿನ ಮೇಲೆ ಎಂದು ನನಗೆ ಗೊತ್ತು, ಆದ್ದರಿಂದ ಕಾಯಿಯ ಮಾತು ಬಂದಾಗಲೇ ಒಂದು ವಿಷಯ ತಿಳಿಸಿಬಿಡುತ್ತೇನೆ. ಎಳನೀರನ್ನು ಕಿತ್ತ ದಿನವೇ ಕುಡಿದು ಬುರುಡೆ ಎಸೆಯುತ್ತಾರೆ. ಉಂಡೆ ಕೊಬ್ಬರಿ ಆಗಬೇಕಾದ ಕಾಯಿಯನ್ನು ಮಾತ್ರ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತನ್ನಷ್ಟಕ್ಕೆ ಇಂಗಿ, ತಿರುಳು ಕರಟದಿಂದ ಬಿಡಿಸಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು, ಆಗಲೇ ಅದಕ್ಕೆ ಬೆಲೆ. ನನ್ನನ್ನೂ ಕಾಲೇಜಿನವರು ಅಟ್ಟಕ್ಕೆ ಹಾಕಿ ಮರೆತಿದ್ದರು ಎಂದಿಟ್ಟುಕೊಳ್ಳಿ, ಈಗ ನಾನು ಬಸ್ಸು ಹತ್ತಿದರೆ ಮೊಣಕಾಲು, ಸೊಂಟ, ಹಲ್ಲಿನ ಸೆಟ್ಟು ಎಲ್ಲವೂ ಶಬ್ದ ಮಾಡುತ್ತವೆ. ಇದಕ್ಕಿಂತ ಹದಕ್ಕೆ ಬಂದ ವಿದ್ಯಾರ್ಥಿ ತಮಗೆ ಮೂರು ತಾಲ್ಲೂಕು ಹುಡುಕಿದರೂ ಸಿಗುವುದಿಲ್ಲ. ನನ್ನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಲು ತಮ್ಮಲ್ಲಿ ಯಾವ ಬಟನ್ನೂ ಇರಲಿಲ್ಲ, ಅದು ತಮ್ಮ ತಪ್ಪಲ್ಲ.

ಷೆಡ್ಡಿನಿಂದ ಬಂದ ಮೇಲೆ ತಾವು ‘ವಿದ್ಯಾರ್ಥಿಯೆಂದು ಖಚಿತವಾಗಲಿಲ್ಲ’ ಎಂದು ಅರ್ಜಿಯನ್ನೇ ಮುಚ್ಚಿಬಿಟ್ಟಿರಿ. ಯಂತ್ರದ ಕೈಲಾಗದ್ದು ಮನುಷ್ಯರ ಕೈಲಾದೀತು ಎಂದು ಜೀವಿತಾ ತಮ್ಮ ಸಹಾಯವಾಣಿಗೆ ಫೋನು ಹಚ್ಚಿ ಕೊಟ್ಟಳು. ಬಹಳ ಹೊತ್ತು ಪಿಟೀಲು ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಬಂದು, ಡಿಸ್ಕೌಂಟು ನನ್ನ ಮೊಮ್ಮಗನಿಗಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನೂ ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಇಂಗ್ಲಿಷನ್ನು ಒಟ್ಟಿಗೆ ತೆಗೆದು, ‘ಮೈ ಗ್ರ್ಯಾಂಡ್‌ಸನ್ ಈಸ್ ಸ್ಟಿಲ್ ಇನ್ ಥರ್ಡ್ ಸ್ಟ್ಯಾಂಡರ್ಡ್ ಮೇಡಂ, ಐ ಮೈಸೆಲ್ಫ್ ಆಮ್ ದಿ ಬಾಯ್’ ಎಂದೆ. ಪುನಃ ಪಿಟೀಲು. ಅದು ನಿಂತ ಮೇಲೆ ಆಕೆ ಬಹಳ ಮರ್ಯಾದೆಯಿಂದ, ಯಂತ್ರದ ತೀರ್ಮಾನವೇ ಕೊನೆಯದೆಂದೂ, ನನ್ನ ಅರ್ಜಿ ಮುಗಿದುಹೋಯಿತೆಂದೂ, ಆದರೆ ನಾನು ನಿರಾಶನಾಗಬೇಕಿಲ್ಲವೆಂದೂ, ಹುಟ್ಟಿದ ದಿನಾಂಕದ ಪ್ರಕಾರ ನನಗೆ ಹಿರಿಯ ನಾಗರಿಕರ ರಿಯಾಯಿತಿ ಕೊಡಬಹುದೆಂದೂ, ಅದು ವಿದ್ಯಾರ್ಥಿಗಳ ರಿಯಾಯಿತಿಗಿಂತ ಜಾಸ್ತಿಯೇ ಇದೆಯೆಂದೂ, ಜೊತೆಗೆ ಬೆನ್ನಿನ ಬ್ಯಾಗಿನ ಬದಲು ರಕ್ತದೊತ್ತಡ ನೋಡುವ ಯಂತ್ರ ಉಚಿತವೆಂದೂ ತಿಳಿಸಿದಳು.

ನಾನು ಬೇಡ ಎಂದೆ. ಜಾಸ್ತಿ ಕೊಡುತ್ತೇನೆಂದರೆ ಬೇಡ ಎಂದ ಮೊದಲನೆಯ ತಿಪಟೂರಿನವನು ನಾನೇ ಇರಬೇಕು; ರಾತ್ರಿ ಅದನ್ನು ಕೇಳಿದ ಶಿವಮೂರ್ತಿ ಪಂದ್ಯ ಗೆದ್ದದ್ದನ್ನೂ ಮರೆತು, ‘ಮೇಲ್ ಹಾಕ್ ಕೊಡ್ತೀನಿ ಅಂದ್ರೆ ಬ್ಯಾಡ ಅಂದ್ರಾ? ಮಂಡೀಲಿ ಜೀವನ ಮಾಡ್ದೋರಾ ನೀವು? ತಗಂಡ್ ಬಿಸಾಕೋದಲ್ವಾ!’ ಎಂದು ನಿಜವಾಗಿಯೂ ನೊಂದುಕೊಂಡ. ಮುದುಕ ಎನ್ನುವುದಕ್ಕೆ ನನಗೆ ಯಾರ ಸರ್ಟಿಫಿಕೇಟೂ ಬೇಕಾಗಿಲ್ಲ, ಅದನ್ನು ಕನ್ನಡಿಯೇ ದಿನಾ ಪುಕ್ಕಟೆ ಕೊಡುತ್ತದೆ ಎಂದು ನಾನು ಹೇಳಿದೆ. ಅವನು ‘ಸರಿ, ಈ ಭಾನ್ವಾರ ಒಂದ್ ಹೋಗಿ ಎಲ್ಲಾರ್ಗೂ ಹೇಳ್‌ಬುಟ್ಟು ಬನ್ನಿ. ನಂಗೂ ತುಮ್ಕೂರಲ್ಲಿ ಲಾರಿಯೋರ ಹತ್ರ ಕೆಲ್ಸ ಐತೆ, ಮಧ್ಯಾಹ್ನ ನಾನೇ ಬಂದ್ ಕರ್ಕಂಡ್ ಬತ್ತೀನಿ’ ಎಂದ. ಮಾತು ಮಾತೇ. ನಾನು ಪುಸ್ತಕಗಳಿಗೆ ದಾರ ಹುಡುಕಿದೆ.

ಆ ಭಾನುವಾರ ಪಾಠ ಒಪ್ಪಿಸುವ ಕೊನೆಯ ದಿನ. ತಾವು ದಯಪಾಲಿಸದ ಲ್ಯಾಪ್‌ಟಾಪಿನಲ್ಲಿ ಟೈಪ್ ಆಗದ ನನ್ನ ಪಾಠವನ್ನು ಕೈಯಲ್ಲೇ ದುಂಡಗೆ ಬರೆದು, ಅಂಚಿಗೆ ಕೆಂಪು ಗೆರೆ ಎಳೆದು, ದಾರ ಕಟ್ಟಿ ತೆಗೆದುಕೊಂಡು ಹೋಗಿದ್ದೆ. ಹೇಗೂ ಕಡೆಯ ದಿನ, ಹಿರಿಯನೆಂದು ಇಟ್ಟುಕೊಳ್ಳುತ್ತಾರೆ ಎಂದು ಎಣಿಸಿದ್ದೆ. ಲಿಖಿತಾ ಮೇಡಂ ಅವರು ಹಾಳೆಗಳನ್ನು ತಿರುವಿ ಹಾಕಿ, ಮೇಜಿನ ಮೇಲೆ ಇಟ್ಟು, ‘ಏನ್ರೀ ಇದು? ಟೈಪ್ ಮಾಡ್ಕೊಂಡ್ ಬನ್ನಿ ಅಂತ ಎಷ್ಟು ಸಲ ಹೇಳಿದೀನಿ?’ ಎಂದರು. ನಾನು ತಮ್ಮ ಕಥೆ ಶುರು ಮಾಡಿದೆ, ವಿಭೂತಿಯವರೆಗೆ ಬಂದಿದ್ದೆ. ‘ಕಾರಣ ಹೇಳ್ಬೇಡಿ. ಮಿಕ್ಕಿದ್ ಸ್ಟೂಡೆಂಟ್ಸಿಗೊಂದು ರೂಲು, ನಿಮಗೊಂದು ರೂಲು ಮಾಡಕ್ಕಾಗಲ್ಲ. ತರದೇ ಇರೋರೆಲ್ಲ ಹೊರಗಡೆ ನಿಂತ್ಕೊಂಡಿದಾರೆ, ನೀವೂ ಹೋಗಿ ನಿಂತ್ಕೊಳಿ’ ಎಂದು ಬಾಗಿಲು ತೋರಿಸಿದರು.

ಮಾನ್ಯರೇ, ಬಾಗಿಲಿಂದ ಆಚೆ ಕಾಲಿಟ್ಟಾಗ ನನ್ನ ಕಿವಿ ಬಿಸಿಯಾಗಿತ್ತು. ಮಂಡಿಯಲ್ಲಿ ನಾನು ಬಂದರೆ ಕೂತವರು ಏಳುತ್ತಾರೆ, ಮದುವೆಯಲ್ಲಿ ಮುಂದಿನ ಸಾಲಿನ ಕುರ್ಚಿ ಬಿಡುತ್ತಾರೆ, ಬಸ್ಸಿನಲ್ಲಿ ಹುಡುಗರು ಜಾಗ ಕೊಡುತ್ತಾರೆ. ನನ್ನನ್ನು ಆಚೆ ನಿಲ್ಲು ಎಂದವರು ನನ್ನ ಅಪ್ಪ ಹೋದ ಮೇಲೆ ಯಾರೂ ಇರಲಿಲ್ಲ. ಅಲ್ಲಿ ಗೋಡೆಗೆ ಒರಗಿ ನನ್ನ ಹಾಗೆಯೇ ತರದೆ ಬಂದ ಒಬ್ಬ ಪೊಲೀಸ್ ಪೇದೆಯೂ ಒಬ್ಬ ನರ್ಸಮ್ಮನೂ ನಿಂತಿದ್ದರು, ನನ್ನನ್ನು ನೋಡಿ ಗೋಡೆಯಲ್ಲಿ ಸ್ವಲ್ಪ ಜಾಗ ಬಿಟ್ಟರು. ‘ನಿಮ್ದೂನೂ ಆಯ್ತಾ ಅಣ್ಣ?’ ಎಂದು ಪೇದೆ ಕೇಳಿದ. ಆಯ್ತು ಕಣಪ್ಪ ಎಂದೆ. ಆ ಹೊತ್ತಿಗೆ ಸರಿಯಾಗಿ ಮೆಟ್ಟಿಲು ಹತ್ತಿ ಶಿವಮೂರ್ತಿ ಬಂದ.

‘ಇದ್ಯಾಕಪ್ಪಾಜಿ ಆಚೆ ನಿಂತಿದೀರ?’ ಎಂದ. ಪಾಠ ಟೈಪ್ ಮಾಡಿ ತರಲಿಲ್ಲವೆಂದು ಹೊರಗೆ ಹಾಕಿದರು ಕಣೋ ಎಂದೆ. ‘ಯಾರು, ನಿಮ್ಮನ್ನಾ?’ ಎಂದು ಅವನು ಒಳಗೆ ಇಣುಕಿ ನೋಡಿದ. ಮೇಡಂ ಅವರು ಅಲ್ಲಿಂದಲೇ ‘ಯಾರ್ರೀ ಅದು, ಬಾಗ್ಲಲ್ಲಿ ನಿಂತ್ಕೋಬೇಡಿ, ನೀವೂ ಹೋಮ್‌ವರ್ಕ್ ತಂದಿಲ್ವಾ?’ ಎಂದು ಗದರಿದರು. ಮಂಡಿಯಲ್ಲಿ ಹರಾಜು ಕೂಗುವ ನನ್ನ ಮಗ ತಲೆ ಒಳಗೆಳೆದುಕೊಂಡು ನನ್ನ ಪಕ್ಕದ ಗೋಡೆಗೆ ಒರಗಿ ನಿಂತುಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಅವನ ಭುಜ ಅಲ್ಲಾಡತೊಡಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ‘ಆಯ್ತು ಬುಡಿ. ಸುಮ್ ಸುಮ್ನೆ ಯಾರ್ನೂ ಹಿಂಗ್ ಬಯ್ಯಲ್ಲ, ಸ್ಟೂಡೆಂಟೇ ಇರ್ಬೇಕು ನೀವು. ಮುಂದಿನ್ ಭಾನ್ವಾರ ಎಷ್ಟೊತ್ತಿಗೆ ಬಿಡ್ಬೇಕು ಹೇಳಿ’ ಎಂದ. ನಾವು ತರಗತಿ ಮುಗಿಯುವವರೆಗೆ ಅಲ್ಲೇ ನಿಂತಿದ್ದೆವು. ಮೇಡಂ ಅವರ ಅಪ್ಪಣೆಯಾಗದೆ ಹೋಗುವ ಹಾಗಿರಲಿಲ್ಲ.

ಆದ್ದರಿಂದ ಇದನ್ನು ದೂರಿನ ಪತ್ರ ಎಂದು ದಯವಿಟ್ಟು ತಿಳಿಯಬಾರದು. ತಾವು ಚಕ್ಕೆಂದು ರಿಯಾಯಿತಿ ಕೊಟ್ಟಿದ್ದರೆ ನಾನು ಲ್ಯಾಪ್‌ಟಾಪ್ ಕೊಳ್ಳುತ್ತಿದ್ದೆ, ಪಾಠ ಟೈಪ್ ಆಗುತ್ತಿತ್ತು, ಮೇಡಂ ಅವರು ಎಲ್ಲ ಮುದುಕರಿಗೂ ಹೇಳುವಂತೆ ‘ಕೂತ್ಕೊಳಿ ಅಂಕಲ್’ ಎನ್ನುತ್ತಿದ್ದರು, ಹೊರಗೆ ಹಾಕಿಸಿಕೊಳ್ಳುವ ಭಾಗ್ಯ ನನಗೆ ಈ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಶಿವಮೂರ್ತಿ ತಿಪಟೂರಿನ ಒಂದು ಅಂಗಡಿಯಲ್ಲಿ ತನ್ನ ಕಸುಬಿನ ಚೌಕಾಸಿ ಮಾಡಿ ಲ್ಯಾಪ್‌ಟಾಪ್ ಕೊಡಿಸಿದ, ತಮ್ಮ ಕಂಪನಿಯದಲ್ಲ. ಅಂಗಡಿಯವನು ನನ್ನ ಮುಖವನ್ನು ಎಲ್ಲಿಯೂ ತಿರುಗಿಸಲಿಲ್ಲ. ಈ ಪತ್ರವನ್ನು ಒಂದೊಂದೇ ಬೆರಳಿನಿಂದ ಅದರಲ್ಲಿಯೇ ಒತ್ತುತ್ತಿದ್ದೇನೆ, ತಪ್ಪಾದ ಕಡೆಯೆಲ್ಲ ಅದು ಕೆಳಗೆ ಕೆಂಪು ಗೆರೆ ಎಳೆಯುತ್ತದೆ, ಅಂದರೆ ಅದಕ್ಕೂ ನಾನು ವಿದ್ಯಾರ್ಥಿಯೆಂದು ಗೊತ್ತಾಗಿದೆ.

ತಮ್ಮಲ್ಲಿ ನನ್ನ ಕೋರಿಕೆಗಳು ಅಲ್ಪ. ನನ್ನನ್ನು ಒಪ್ಪದಿದ್ದರೆ ಹೋಗಲಿ, ನಮ್ಮ ಷೆಡ್ಡಿನಲ್ಲಿ ತಾವು ಕಂಡ ಅಷ್ಟೂ ಜನರಿಗೆ ತಲಾ ಒಂದು ಲ್ಯಾಪ್‌ಟಾಪನ್ನು ರಿಯಾಯಿತಿಯಲ್ಲಿ ಕಳಿಸಿಕೊಡಬೇಕು. ಅವರಲ್ಲಿ ಕೆಲವರು ಆಗಲೇ ಒಡೆದು ಗೋಣಿಚೀಲದಲ್ಲಿದ್ದಾರೆ, ಬೇಗ ಕಳಿಸಿದರೆ ಒಳ್ಳೆಯದು. ತಾವು ಒಂದು ಸಲ ಬಿಳಿಗೆರೆಗೆ ದಯಮಾಡಿಸಿ ನಮ್ಮ ಅಟ್ಟದ ಮೇಲೆ ಒಂದು ವರ್ಷ ಸುಮ್ಮನೆ ಕೂತಿರಬೇಕು, ಇಳಿಸಿ ಅಲ್ಲಾಡಿಸಿ ನೋಡುತ್ತೇವೆ, ಒಳಗೆ ಏನಾದರೂ ಶಬ್ದವಾದರೆ ಒಳ್ಳೆಯ ಬೆಲೆಗೆ ಹಾಕುತ್ತೇವೆ. ಮತ್ತೆ ಮೀನಾಕ್ಷಮ್ಮನ ವಿಚಾರದಲ್ಲಿ ತಾವು ಕೊಟ್ಟ ತೀರ್ಪನ್ನು ಮಾತ್ರ ಯಾವ ಮೇಲಧಿಕಾರಿ ಹೇಳಿದರೂ, ಯಾವ ಹೊಸ ಸಾಫ್ಟ್‌ವೇರು ಬಂದರೂ, ದಯವಿಟ್ಟು ತಿದ್ದಬಾರದು. ಅದೊಂದರಲ್ಲಿ ತಮ್ಮ ದೃಷ್ಟಿ ಸರಿಯಾಗಿಯೇ ಇತ್ತು.

ಪರೀಕ್ಷೆ ಹತ್ತಿರ ಬಂದಿರುವುದರಿಂದ ಇಲ್ಲಿಗೆ ಲೇಖನಿ ಇಟ್ಟು, ಅಂದರೆ ಬೆರಳು ಎತ್ತಿ,

ತಮ್ಮ ವಿಶ್ವಾಸಿ,
ಕರಿಬಸವಯ್ಯ
(ವಿದ್ಯಾರ್ಥಿ)

ಮರೆತ ಮಾತು: ನನ್ನ ಅರ್ಜಿ ಮುಗಿಸಿದ ದಿನದಿಂದ ‘ನಮ್ಮ ಸೇವೆ ಹೇಗಿತ್ತು, ಎಷ್ಟು ನಕ್ಷತ್ರ ಕೊಡುತ್ತೀರಿ’ ಎಂದು ತಾವು ಬೆಳಿಗ್ಗೆ ಸಂಜೆ ಕೇಳುತ್ತಿದ್ದೀರಿ. ನಾನು ಅಂಕ ತೆಗೆದುಕೊಳ್ಳುವವನೇ ಹೊರತು ಕೊಡುವವನಲ್ಲ. ಆದರೂ ತಾವು ಇಷ್ಟು ಆಸೆಯಿಂದ ಕೇಳುವಾಗ ಬರಿಗೈಲಿ ಕಳಿಸಲು ಮನಸ್ಸು ಬಾರದೆ ಲಿಖಿತಾ ಮೇಡಂ ಅವರನ್ನು ವಿಚಾರಿಸಿದೆ. ಉತ್ತರ ತರದೇ ಬಂದವರಿಗೆ ನಕ್ಷತ್ರ ಕೊಡುವ ಪದ್ಧತಿ ಅವರಲ್ಲಿಲ್ಲವಂತೆ. ತಾವು ದಯವಿಟ್ಟು ಸ್ವಲ್ಪ ಹೊತ್ತು ಹೊರಗೆ ನಿಂತುಕೊಳ್ಳಿ.